ಹನ್ನೊಂದು ತಿಂಗಳ ಕಾಗದ ಬಂದ ದಾರಿ

ಚಳ್ಳಕೆರೆಯಿರಲಿ, ಮೊಳಕಾಲ್ಮುರಿರಲಿ, ಮನೆ ಬಾಡಿಗೆಗೆ ಕೊಡುವವರು ಅಡ್ವಾನ್ಸ್ ಎಣಿಸಿಕೊಂಡ ಮೇಲೆ ಹೇಳುವ ಮಾತು ಒಂದೇ: ‘ಹನ್ನೊಂದು ತಿಂಗಳಿಗೆ ಅಗ್ರಿಮೆಂಟ್ ಮಾಡಿಸಿಬಿಡೋಣ.’ ಟೈಪಿಂಗ್ ಅಂಗಡಿಯಲ್ಲಿ ಮಾದರಿ ಸಿದ್ಧವಿರುತ್ತದೆ. ಹೆಸರು, ಮೊತ್ತ, ತಾರೀಖು ತುಂಬಿದರೆ ಮುಗಿಯಿತು. ಅವಧಿ ತೀರಿದ ಮರುದಿನ ಬೀಗ ಜಡಿಯುವ ಹಕ್ಕು ತಮಗೆ ಬಂತೆಂದು ನಂಬಿದ ಮಾಲೀಕರು ಬಹಳ. ಆ ನಂಬಿಕೆಗೆ ಕಾನೂನಿನ ಬೆಂಬಲವಿಲ್ಲ.

ಈ ಹನ್ನೊಂದು ತಿಂಗಳ ಲೆಕ್ಕ ಹುಟ್ಟಿದ್ದು 1908ರ ನೋಂದಣಿ ಕಾಯ್ದೆಯಿಂದ. ಒಂದು ವರ್ಷ ಮೀರಿದ ಗುತ್ತಿಗೆ ಪತ್ರವನ್ನು ನೋಂದಣಿ ಮಾಡಿಸಲೇಬೇಕು ಎಂದಿತು ಅದು. ಸಬ್ ರಿಜಿಸ್ಟ್ರಾರ್ ಕಚೇರಿಯ ಓಡಾಟ, ಖರ್ಚು ತಪ್ಪಿಸಲು ಜನ ವರ್ಷಕ್ಕೆ ಒಂದು ತಿಂಗಳು ಕಡಿಮೆ ಬರೆಸಿಕೊಂಡರು. ಇಷ್ಟೇ ಅದರ ಮೂಲ. ಮನೆ ಬಿಡಿಸುವುದಕ್ಕೂ ಅದಕ್ಕೂ ಸಂಬಂಧವೇ ಇರಲಿಲ್ಲ.

ಬಾಡಿಗೆ ನಿಯಂತ್ರಣದ ಕಥೆ ಬೇರೆ. ಚಳ್ಳಕೆರೆ, ಮೊಳಕಾಲ್ಮುರು ಎರಡೂ ಮೈಸೂರು ಸಂಸ್ಥಾನದ ತಾಲ್ಲೂಕುಗಳು. ಪಕ್ಕದ ಬಳ್ಳಾರಿ ಮದ್ರಾಸಿಗೆ ಸೇರಿತ್ತು. ಹಾಗಾಗಿ ಈ ಕಡೆ ಮೈಸೂರಿನ 1951ರ ಕಾಯ್ದೆ, ಆ ಕಡೆ ಮದ್ರಾಸಿನ 1949ರ ಕಾಯ್ದೆ. ಏಕೀಕರಣದ ನಂತರ ಈ ಗೊಂದಲ ನೀಗಲು ಬಂದದ್ದು 1961ರ ಬಾಡಿಗೆ ನಿಯಂತ್ರಣ ಕಾಯ್ದೆ. ಅದು ಜಾರಿಯಲ್ಲಿದ್ದ ಊರುಗಳಲ್ಲಿ ಮನೆ ಖಾಲಿಯಾದರೆ ಮಾಲೀಕ ಹದಿನೈದು ದಿನದೊಳಗೆ ಬಾಡಿಗೆ ನಿಯಂತ್ರಣಾಧಿಕಾರಿಗೆ ತಿಳಿಸಬೇಕಿತ್ತು. ಕರಾರಿನಲ್ಲಿ ಏನೇ ಬರೆದಿದ್ದರೂ, ಕಾಯ್ದೆ ಹೇಳಿದ ಕಾರಣಗಳಿಲ್ಲದೆ ಯಾರನ್ನೂ ಎಬ್ಬಿಸುವಂತಿರಲಿಲ್ಲ.

ಇದಕ್ಕೆ ಬದಲಾಗಿ ಬಂದ 1999ರ ಕರ್ನಾಟಕ ಬಾಡಿಗೆ ಕಾಯ್ದೆ ಜಾರಿಯಾದದ್ದು 2001ರ ಡಿಸೆಂಬರ್ 31ರಂದು. ಅದು ಒಂದು ಗೆರೆ ಎಳೆಯಿತು: ಮೊದಲ ಅನುಸೂಚಿಯ ‘ಎ’ ಭಾಗದ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಉಳಿದೆಡೆ 2,000 ರೂಪಾಯಿ ಮೀರಿದ ಬಾಡಿಗೆಯ ಮನೆಗಳು ಈ ಕಾಯ್ದೆಯಿಂದ ಹೊರಗೆ. ಎರಡು ದಶಕದ ಹಿಂದಿನ ಆ ಮೊತ್ತಕ್ಕೆ ಇಂದು ಮನೆ ಸಿಗುವುದೆಲ್ಲಿ? ಚಳ್ಳಕೆರೆ ಬಳಿಯ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಸುಮಾರು 1,500 ಎಕರೆ ಕ್ಯಾಂಪಸ್ಸು, ಡಿಆರ್‌ಡಿಒದ ವಿಮಾನ ಪರೀಕ್ಷಾ ನೆಲೆ ಬಂದ ಮೇಲೆ ಚಳ್ಳಕೆರೆ ಎಣ್ಣೆ ಗಿರಣಿಗಳ ಊರಷ್ಟೇ ಆಗಿ ಉಳಿದಿಲ್ಲ. ಗೆರೆಯಾಚೆಗಿನ ಮನೆಗಳಿಗೆಲ್ಲ ಅನ್ವಯಿಸುವುದು 1882ರ ಸ್ವತ್ತು ವರ್ಗಾವಣೆ ಕಾಯ್ದೆ. ಸರ್ಕಾರ ಆ ಮೊತ್ತವನ್ನು ಇಂದಿನ ಬಾಡಿಗೆಗೆ ಹೊಂದಿಸದೆ ಬಿಟ್ಟರೆ ಬಡ ಬಾಡಿಗೆದಾರನಿಗಿದ್ದ ಆಸರೆ ಪುಸ್ತಕದಲ್ಲೇ ಉಳಿಯುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ.

1882ರ ಆ ಹಳೆಯ ಕಾಯ್ದೆಯ ಪ್ರಕಾರ, ಬೇರೆ ಕರಾರಿಲ್ಲದಿದ್ದರೆ, ತಿಂಗಳ ಬಾಡಿಗೆಯವರಿಗೆ ಹದಿನೈದು ದಿನದ ಲಿಖಿತ ನೋಟಿಸ್ ಕೊಡಬೇಕು. ಆದರೂ ಬಿಡದಿದ್ದರೆ ಕೋರ್ಟಿಗೇ ಹೋಗಬೇಕು. ಸಾಮಾನು ಬೀದಿಗೆ ಹಾಕಿದರೆ, 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯಡಿ ಬಾಡಿಗೆದಾರ ಆರು ತಿಂಗಳೊಳಗೆ ದಾವೆ ಹೂಡಿ ಮನೆಯನ್ನು ಮರಳಿ ಪಡೆಯಬಹುದು. ಕಡಿಮೆ ಬೆಲೆಯ ಛಾಪಾ ಕಾಗದದ ಕರಾರನ್ನು ಸಾಕ್ಷ್ಯವಾಗಿ ಮುಂದಿಟ್ಟರೆ ಕೊರತೆಯ ಜೊತೆಗೆ ಅದರ ಹತ್ತು ಪಟ್ಟು ದಂಡ ಬೀಳುತ್ತದೆ. ಆದ್ದರಿಂದ ಬಾಡಿಗೆ, ಅವಧಿಯ ಲೆಕ್ಕದಲ್ಲಿ ಸರಿಯಾದ ಇ-ಸ್ಟಾಂಪ್ ತೆಗೆಸುವುದೇ ಅಗ್ಗ. ಇನ್ನು ಭೋಗ್ಯ: ದೊಡ್ಡ ಮೊತ್ತ ಪಡೆದು ಮನೆಯನ್ನೇ ಸಾಲಕ್ಕೆ ಆಧಾರವಾಗಿ ಬರೆದುಕೊಟ್ಟರೆ, ನೂರು ರೂಪಾಯಿಯಿಂದ ಮೇಲಿನದ್ದೆಲ್ಲ ನೋಂದಣಿಯಾಗಲೇಬೇಕು. ಮಗಳ ಮದುವೆಗೋ ಬೋರ್‌ವೆಲ್‌ಗೋ ಹಣ ಬೇಕೆಂದು ಬರೀ ನೋಟರಿ ಕಾಗದದ ಮೇಲೆ ಲಕ್ಷಾಂತರ ರೂಪಾಯಿ ಕೈ ಬದಲಾಗುವುದು ಇಬ್ಬರಿಗೂ ಅಪಾಯ.

ಮೊಳಕಾಲ್ಮುರಿನ ಪ್ರಶ್ನೆ ಟೈಪಿಂಗ್ ಅಂಗಡಿಯ ಮಾದರಿಯಲ್ಲಿ ಇಲ್ಲವೇ ಇಲ್ಲ. ಇಲ್ಲಿ ರೇಷ್ಮೆ ಸೀರೆ ನೇಯುವವರಿಗೆ ಮನೆಯೇ ಕಾರ್ಖಾನೆ. ಗುಂಡಿ ಮಗ್ಗ ಹೂಡಬೇಕೆಂದರೆ ನೆಲ ಅಗೆಯಬೇಕು. ವಾಸಕ್ಕೆಂದು ಕೊಟ್ಟ ಮನೆಯನ್ನು ಬೇರೆ ಉದ್ದೇಶಕ್ಕೆ ಬಳಸಬಾರದು, ಒಪ್ಪಿಗೆಯಿಲ್ಲದೆ ಶಾಶ್ವತ ಕಟ್ಟಡ ಎಬ್ಬಿಸಬಾರದು ಎನ್ನುತ್ತದೆ 1882ರ ಕಾಯ್ದೆ. ಹೋಗುವಾಗ ತಾನು ಜೋಡಿಸಿದ್ದನ್ನು ಕಳಚಿ ಒಯ್ಯಬಹುದು, ಆದರೆ ಮನೆ ಮೊದಲಿನ ಸ್ಥಿತಿಯಲ್ಲಿರಬೇಕು ಎಂದೂ ಹೇಳುತ್ತದೆ. ‘ಮಗ್ಗ ಹೂಡಬಹುದು, ಬಿಡುವಾಗ ಗುಂಡಿ ಮುಚ್ಚಿಕೊಡಬೇಕು’ ಎಂಬ ಒಂದು ಸಾಲು ಕರಾರಿನಲ್ಲಿದ್ದರೆ ನೇಕಾರನ ದುಡಿಮೆಯೂ ಮಾಲೀಕನ ನೆಲವೂ ಉಳಿಯುತ್ತವೆ.

ಕೇಂದ್ರ ಸಂಪುಟ 2021ರ ಜೂನ್ 2ರಂದು ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಅಡ್ವಾನ್ಸ್ ಬೇಡ, ಕರಾರು ಲಿಖಿತವಾಗಿರಲಿ ಎನ್ನುತ್ತದೆ. ಅದು ಮಾದರಿ ಮಾತ್ರ. ರಾಜ್ಯ ತನ್ನದೇ ಕಾನೂನು ಮಾಡುವ ತನಕ ನಮ್ಮ ಮನೆಗಳನ್ನು ಕಟ್ಟಿಹಾಕದು. ತಮಿಳುನಾಡು 2019ರಲ್ಲೇ ಹೊಸ ಕಾನೂನು ಜಾರಿ ಮಾಡಿದೆ. ಇಲ್ಲಿಗೂ ಅಂಥದ್ದು ಬರುವ ಮೊದಲೇ ಮಾಲೀಕರು ಬಾಡಿಗೆಗೆ ರಸೀದಿ ಕೊಡಲಿ, ಅಡ್ವಾನ್ಸ್ ಮೊತ್ತವನ್ನು ಕರಾರಿನಲ್ಲೇ ಬರೆಸಲಿ, ಒಂದು ಪ್ರತಿಯನ್ನು ಬಾಡಿಗೆದಾರರ ಕೈಗೂ ಕೊಡಲಿ.