ಊರ ಕೆರೆಯ ಕೆಲಸಕ್ಕೆ ವಾರ್ಡ್ ಸಭೆ, ಗ್ರಾಮ ಸಭೆ

ಮುಂಗಾರಿಗೆ ಮೊದಲು ನಮ್ಮ ಹಳ್ಳಿಗಳಲ್ಲಿ ಸಾಮಾನ್ಯವಾಗಿ ಕೇಳಿಬರುವ ಮಾತೊಂದಿದೆ. ಕೆರೆಯ ತೂಬು ಸೋರುತ್ತಿದೆ, ಕೋಡಿ ಕುಸಿದಿದೆ, ಕಾಲುವೆಯಲ್ಲಿ ಜೊಂಡು ಬೆಳೆದು ಕೊನೆಯ ಗದ್ದೆಗೆ ನೀರು ಮುಟ್ಟುವುದಿಲ್ಲ. ಪಂಚಾಯಿತಿಗೆ ಹೇಳಿ ಹೇಳಿ ಸಾಕಾಯಿತು ಎನ್ನುತ್ತಾರೆ. ಹೇಗೆ ಹೇಳಿದಿರಿ ಎಂದು ಕೇಳಿದರೆ, ಸಂತೆಯಲ್ಲಿ ಸಿಕ್ಕ ಸದಸ್ಯರಿಗೆ ಬಾಯಿಮಾತಿನಲ್ಲಿ ಹೇಳಿದೆವು ಎಂಬ ಉತ್ತರ ಬರುತ್ತದೆ. ಬಾಯಿಮಾತು ಕಡತಕ್ಕೆ ಏರುವುದಿಲ್ಲ. ಕಡತಕ್ಕೆ ಏರದ ಕೆಲಸಕ್ಕೆ ಹಣ ಬಿಡುಗಡೆಯಾಗುವುದಿಲ್ಲ. ಹೇಳಿದ್ದನ್ನು ಕಡತಕ್ಕೆ ಏರಿಸುವ ದಾರಿ ಕಾನೂನಿನಲ್ಲಿಯೇ ಇದೆ. ಅದನ್ನು ರೈತ ಬಾಂಧವರು ತಿಳಿದುಕೊಳ್ಳುವುದು ಅವಶ್ಯಕ.

ಕೆರೆಯ ವಿಷಯದಲ್ಲಿ ಊರವರೂ ಸರ್ಕಾರವೂ ಕೂಡಿ ಕೆಲಸ ಮಾಡುವುದು ನಮಗೆ ಹೊಸತಲ್ಲ. ಕೆರೆ ಕಟ್ಟಿದವರಿಗೆ, ಅದನ್ನು ನೋಡಿಕೊಂಡವರಿಗೆ ಕಟ್ಟುಕೊಡುಗೆಯಾಗಿ ಭೂಮಿ ಬಿಟ್ಟ ಶಾಸನಗಳು ನಾಡಿನ ತುಂಬ ಇವೆ. ನೀರು ಹಂಚುವ ನೀರಗಂಟಿಗೆ ಸುಗ್ಗಿಯಲ್ಲಿ ಪ್ರತಿ ಮನೆಯಿಂದ ಧಾನ್ಯ ಸಲ್ಲುತ್ತಿತ್ತು. ಮೈಸೂರು ಸಂಸ್ಥಾನವು 1911ರಲ್ಲಿ ಕೆರೆ ಪಂಚಾಯಿತಿಗಳಿಗೆಂದೇ ಒಂದು ಕಾನೂನು ಮಾಡಿತ್ತು. ಮುಂದೆ ಕೆರೆಗಳು ಇಲಾಖೆಗಳ ಕೈಸೇರಿದ ಮೇಲೆ, ಏರಿಯ ಮೇಲಿನ ಮುಳ್ಳುಗಿಡ ಕಡಿಯುವುದೂ ಸರ್ಕಾರದ ಕೆಲಸ ಎಂಬ ಭಾವನೆ ಬೆಳೆಯಿತು. ಇದರಲ್ಲಿ ತಪ್ಪು ಊರವರದು ಮಾತ್ರವಲ್ಲ. ಅವರನ್ನು ಕೇಳುವ ಪದ್ಧತಿಯನ್ನೇ ಆಡಳಿತವು ಬಹುಕಾಲ ಬಿಟ್ಟಿತ್ತು.

1983ರಲ್ಲಿ ರೂಪುಗೊಂಡ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯಿತಿಗಳ ಕಾಯ್ದೆಯು ಗ್ರಾಮ ಸಭೆಗೆ ಸ್ಥಾನ ನೀಡಿತು. ಆ ಕಾಯ್ದೆಯ ಹಿಂದೆ ಆಗಿನ ಸಚಿವ ಅಬ್ದುಲ್ ನಜೀರ್ ಸಾಬ್ ಅವರ ಶ್ರಮವಿತ್ತು. 1993ರಲ್ಲಿ ಸಂವಿಧಾನದ 73ನೇ ತಿದ್ದುಪಡಿ ಜಾರಿಗೆ ಬಂದು, ಅದೇ ವರ್ಷ ಕರ್ನಾಟಕದ ಪಂಚಾಯತ್ ರಾಜ್ ಕಾಯ್ದೆಯೂ ಬಂದಿತು. ಇದಕ್ಕೆ ಈಗ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಕಾಯ್ದೆ ಎಂದು ಹೆಸರು. ಇದರ 3ನೇ ಪ್ರಕರಣ ವಾರ್ಡ್ ಸಭೆಯದು, 3-ಎ ಪ್ರಕರಣ ಗ್ರಾಮ ಸಭೆಯದು. ಎರಡರಲ್ಲಿಯೂ ಮತದಾರರ ಪಟ್ಟಿಯಲ್ಲಿ ಹೆಸರಿರುವ ಪ್ರತಿಯೊಬ್ಬರೂ ಸದಸ್ಯರು. ಎರಡು ಸಭೆಗಳ ನಡುವೆ ಆರು ತಿಂಗಳಿಗಿಂತ ಹೆಚ್ಚು ಅಂತರ ಇರಕೂಡದು.

ಈ ಎರಡರಲ್ಲಿ ವಾರ್ಡ್ ಸಭೆಯನ್ನೇ ಮುಖ್ಯವೆಂದು ತಿಳಿಯಬೇಕು. ಗ್ರಾಮ ಸಭೆ ದೊಡ್ಡದು, ಗದ್ದಲವೂ ಹೆಚ್ಚು. ಹಲವು ಹಳ್ಳಿಗಳ ಬೇಡಿಕೆಗಳ ನಡುವೆ ಒಂದು ಊರಿನ ತೂಬಿನ ಮಾತು ಅಲ್ಲಿ ಕರಗಿಹೋಗುತ್ತದೆ. ವಾರ್ಡ್ ಸಭೆಯಾದರೋ ಅರಳಿಕಟ್ಟೆಯ ಬಳಿ ಸೇರುವಂಥದು. ತನ್ನ ವ್ಯಾಪ್ತಿಯಲ್ಲಿ ಯಾವ ಕೆಲಸ ಮೊದಲು, ಯಾವುದು ನಂತರ ಎಂದು ನಿರ್ಧರಿಸಿ ಪಂಚಾಯಿತಿಯ ಅಭಿವೃದ್ಧಿ ಯೋಜನೆಯಲ್ಲಿ ಸೇರಿಸಲು ಕಳುಹಿಸುವುದು ಇದರ ಕೆಲಸ. ಸವಲತ್ತುಗಳಿಗೆ ಅರ್ಹರನ್ನು ಗುರುತಿಸುವುದೂ ಇಲ್ಲಿಯೇ. ಮುಂದೆ ಮಾಡಲಿರುವ ಕೆಲಸಗಳ ವಿವರವನ್ನು ಅಧಿಕಾರಿಗಳಿಂದ ಕೇಳಿ ಪಡೆಯಬಹುದು. ಪಂಚಾಯಿತಿ ಕೈಗೊಂಡ ನಿರ್ಣಯಕ್ಕೆ ಕಾರಣವೇನು, ಹಿಂದಿನ ಸಭೆಯ ತೀರ್ಮಾನ ಏನಾಯಿತು ಎಂದು ಕೇಳುವ ಹಕ್ಕೂ ಇದೆ. ಈ ಕೊನೆಯ ಹಕ್ಕನ್ನು ಬಳಸುವವರು ಬಹಳ ಕಡಿಮೆ. ಹಿಂದಿನ ಸಭೆಯ ನಡವಳಿಯನ್ನು ಓದಿಸಿದ ಮೇಲೆಯೇ ಹೊಸ ವಿಷಯ ಎಂದು ಊರವರು ಒಮ್ಮೆ ಪಟ್ಟು ಹಿಡಿದರೆ ಸಭೆಯ ರೀತಿಯೇ ಬದಲಾಗುತ್ತದೆ.

ಹಕ್ಕಿನ ಜೊತೆಗೆ ಹೊಣೆಯನ್ನೂ ಕಾನೂನು ಅದೇ ಪ್ರಕರಣದಲ್ಲಿ ಇಟ್ಟಿದೆ. ಅಭಿವೃದ್ಧಿ ಕೆಲಸಗಳಿಗೆ ಶ್ರಮದಾನ, ಹಣ, ಸಾಮಗ್ರಿ ಒದಗಿಸುವುದು, ಕೆಲಸದ ಮೇಲ್ವಿಚಾರಣೆಗೆ ಸ್ವಯಂಸೇವಕರನ್ನು ಕೊಡುವುದು, ಸದಸ್ಯರು ತೆರಿಗೆ ಕಟ್ಟುವಂತೆ ನೋಡಿಕೊಳ್ಳುವುದು ವಾರ್ಡ್ ಸಭೆಯ ಕರ್ತವ್ಯ. (ಸಭೆಯಲ್ಲಿ ಗಟ್ಟಿಯಾಗಿ ಮಾತನಾಡುವವರ ಮನೆಕಂದಾಯ ಬಾಕಿ ಇರುವುದು ಅಪರೂಪವೇನಲ್ಲ!) ತೂಬಿನ ಗಾರೆ ಕೆಲಸಕ್ಕೆ ಹಣ ಪಂಚಾಯಿತಿಯಿಂದ, ಕಾಲುವೆಯ ಜೊಂಡು ತೆಗೆಯುವುದು ಅಚ್ಚುಕಟ್ಟುದಾರರಿಂದ, ಹೂಳನ್ನು ಹೊಲಕ್ಕೆ ಸಾಗಿಸುವ ಟ್ರ್ಯಾಕ್ಟರ್ ವೆಚ್ಚ ಹೊಲದವರಿಂದ ಎಂದು ಹಂಚಿಕೊಂಡು ಬರೆಸಿದ ಬೇಡಿಕೆಗೂ, ಬರೀ ‘ಕೆರೆ ದುರಸ್ತಿ ಮಾಡಿಕೊಡಿ’ ಎಂಬ ಬೇಡಿಕೆಗೂ ಬಹಳ ವ್ಯತ್ಯಾಸವಿದೆ.

ಸಭೆಗೆ ಹೋಗುವ ಮುನ್ನ ಕೆರೆ ಯಾರ ಸುಪರ್ದಿನಲ್ಲಿದೆ ಎಂದು ವಿಚಾರಿಸಿರಿ. ಅಚ್ಚುಕಟ್ಟು 40 ಹೆಕ್ಟೇರಿಗಿಂತ, ಅಂದರೆ ಸುಮಾರು 100 ಎಕರೆಗಿಂತ ಹೆಚ್ಚಿದ್ದರೆ ಸಾಮಾನ್ಯವಾಗಿ ಅದು ಸಣ್ಣ ನೀರಾವರಿ ಇಲಾಖೆಗೆ ಸೇರಿರುತ್ತದೆ. ಅದಕ್ಕಿಂತ ಚಿಕ್ಕ ಕೆರೆಗಳು ಪಂಚಾಯತ್ ರಾಜ್ ಸಂಸ್ಥೆಗಳ ಪಾಲು. ಇಲಾಖೆಯ ಕೆರೆಯ ಕೆಲಸವನ್ನು ಪಂಚಾಯಿತಿಯ ಮುಂದಿಟ್ಟು ವರ್ಷಗಟ್ಟಲೆ ಕಾದವರುಂಟು. ಹಾಗಿದ್ದಲ್ಲಿ, ಇಲಾಖೆಗೆ ಬರೆಯಬೇಕೆಂದು ಸಭೆಯಲ್ಲಿ ಠರಾವು ಮಾಡಿಸಬೇಕು. ಕೆರೆಯ ಸರ್ವೆ ನಂಬರು, ಪಹಣಿ, ಗ್ರಾಮ ನಕ್ಷೆ ಕೈಯಲ್ಲಿರಲಿ. ಒತ್ತುವರಿಯ ಮಾತು ಬಂದರೆ ಇವಿಲ್ಲದೆ ಜಗಳ ಬೆಳೆಯುತ್ತದೆಯೇ ಹೊರತು ಕೆಲಸ ಮುಂದುವರಿಯುವುದಿಲ್ಲ.

ಇನ್ನು ಕೋರಂ ವಿಚಾರ. ವಾರ್ಡ್ ಸಭೆಗೆ ಹತ್ತನೇ ಒಂದು ಭಾಗ ಮತದಾರರು ಅಥವಾ 20 ಜನ, ಯಾವುದು ಕಡಿಮೆಯೋ ಅಷ್ಟು ಇರಬೇಕು. ಗ್ರಾಮ ಸಭೆಗೆ ಹತ್ತನೇ ಒಂದು ಭಾಗ ಅಥವಾ 100 ಜನ. ಎರಡರಲ್ಲಿಯೂ ಹಾಜರಿರುವವರಲ್ಲಿ ಶೇಕಡಾ 30ರಷ್ಟು ಮಹಿಳೆಯರಿರಬೇಕು. ವಾರ್ಡಿನಲ್ಲಿ 350 ಮತದಾರರಿದ್ದರೆ ಹತ್ತನೇ ಒಂದು ಭಾಗ 35 ಆಗುತ್ತದೆ. 20 ಅದಕ್ಕಿಂತ ಕಡಿಮೆಯಾದುದರಿಂದ 20 ಜನ ಸಾಕು, ಅವರಲ್ಲಿ 6 ಮಂದಿ ಹೆಂಗಸರು. ಇಷ್ಟು ಜನ ಸೇರುವುದು ಯಾವ ಊರಿಗೂ ಕಷ್ಟವಲ್ಲ. ಆದರೂ ಹಾಜರಿ ಪುಸ್ತಕವನ್ನು ಮನೆಮನೆಗೆ ಹೊತ್ತು ಸಹಿ, ಹೆಬ್ಬೆಟ್ಟು ಹಾಕಿಸಿಕೊಳ್ಳುವ ಕೆಟ್ಟ ರೂಢಿ ಕೆಲವೆಡೆ ಬೆಳೆದಿದೆ. ಸಭೆಗೆ ಹೋಗದೆ ಸಹಿ ಹಾಕಿದವರು ತಾವು ಕೇಳದ ಕೆಲಸಕ್ಕೂ, ತಾವು ಕಾಣದ ಫಲಾನುಭವಿ ಪಟ್ಟಿಗೂ ಒಪ್ಪಿಗೆ ಕೊಟ್ಟಂತಾಗುತ್ತದೆ. ಆಮೇಲೆ ತಕರಾರು ಹೇಳಿದರೆ ಅವರ ಸಹಿಯನ್ನೇ ಮುಂದೆ ಹಿಡಿಯುತ್ತಾರೆ.

ತುರ್ತು ಸಂಗತಿಯಿದ್ದು ಸಭೆ ದೂರವಿದ್ದರೆ, ಗ್ರಾಮ ಸಭೆಯ ಶೇಕಡಾ 10ರಷ್ಟು ಸದಸ್ಯರು ವಿಷಯವನ್ನು ನಮೂದಿಸಿ ಸಹಿ ಮಾಡಿದ ಬೇಡಿಕೆಯ ಮೇಲೆ ವಿಶೇಷ ಸಭೆ ಕರೆಯಬೇಕಾಗುತ್ತದೆ. ಇಂತಹ ಎರಡು ವಿಶೇಷ ಸಭೆಗಳ ನಡುವೆ ಮೂರು ತಿಂಗಳು ಕಳೆದಿರಬೇಕು.

ಸಭೆ ಮುಗಿದ ಕೂಡಲೇ ಎದ್ದು ಹೋಗಬೇಡಿರಿ. ನಿಮ್ಮ ಕೆಲಸದ ಹೆಸರು, ಸರ್ವೆ ನಂಬರು, ಊರವರು ಒಪ್ಪಿಕೊಂಡ ಪಾಲು ನಡವಳಿ ಪುಸ್ತಕದಲ್ಲಿ ಬರೆದಿದೆಯೇ ಎಂದು ಓದಿಸಿ ಕೇಳಿರಿ. ‘ಇತರೆ ವಿಷಯಗಳನ್ನು ಚರ್ಚಿಸಲಾಯಿತು’ ಎಂಬ ಒಂದೇ ಸಾಲಿನಲ್ಲಿ ಊರಿನ ಬೇಡಿಕೆಯೆಲ್ಲ ಮುಳುಗಿಹೋಗುವುದುಂಟು. ನಡವಳಿಯ ನಕಲು ಸುಲಭವಾಗಿ ಸಿಗದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯ ಕೆಳಗೆ ಪಂಚಾಯಿತಿಯ ಮಾಹಿತಿ ಅಧಿಕಾರಿಗೆ ಅರ್ಜಿ ಕೊಡಬಹುದು. ಶುಲ್ಕ 10 ರೂಪಾಯಿ. ಬಡತನ ರೇಖೆಗಿಂತ ಕೆಳಗಿನವರಿಗೆ ಅದೂ ಇಲ್ಲ. 30 ದಿನಗಳೊಳಗೆ ಉತ್ತರ ಬರಬೇಕು. ಆ ನಕಲನ್ನು ಜೋಪಾನವಾಗಿಟ್ಟು, ಮುಂದಿನ ವಾರ್ಡ್ ಸಭೆಯ ಡಂಗುರ ಕೇಳಿದ ದಿನ ಹೊರತೆಗೆಯಿರಿ.