ಪರದೆ ಏಳದ ರಂಗಮಂದಿರ

ಮೂರನೆಯ ಗಂಟೆ ಬಾರಿಸಿದೆ, ದೀಪಗಳು ಆರಿವೆ, ಪರದೆ ಇನ್ನೂ ಎದ್ದಿಲ್ಲ. ನಾಟಕಪ್ರಿಯರಿಗೆಲ್ಲ ಪರಿಚಿತವಾದ ಗಳಿಗೆಯಿದು. ಅಪರಿಚಿತರ ನಡುವೆ ಕತ್ತಲೆಯಲ್ಲಿ ಕುಳಿತಿದ್ದರೂ ನನಗೆ ಎಂದೂ ಭಯವೆನಿಸಿದ್ದಿಲ್ಲ. ಆಟ ಮುಗಿದೊಡನೆ ಬಾಗಿಲು ತೆರೆಯುತ್ತದೆ, ಮನೆಗೆ ಹೋಗುತ್ತೇನೆ ಎಂಬ ನಂಬಿಕೆಯೇ ಅದಕ್ಕೆ ಕಾರಣ. ಆ ನಂಬಿಕೆಗೆ ದ್ರೋಹವಾದ ಒಂದು ರಂಗಮಂದಿರದ ವೃತ್ತಾಂತವನ್ನು ತಮ್ಮ ಮುಂದಿಡಬಯಸುತ್ತೇನೆ.

ಹಾಲೆಂಡಿನ ಆಮ್‌ಸ್ಟರ್‌ಡ್ಯಾಮ್ ನಗರದಲ್ಲಿ 1892ರಲ್ಲಿ ಆರಂಭವಾದ ಈ ನಾಟಕಶಾಲೆ ‘ಹೊಲಾಂಡ್ಸೆ ಸ್ಕೌಬರ್ಗ್’ ಎಂದು ಪ್ರಸಿದ್ಧವಾಯಿತು. ಬೆಸ್ತರ ಬವಣೆಯನ್ನು ಚಿತ್ರಿಸಿದ ಹರ್ಮನ್ ಹೈಯರ್ಮನ್ಸರ ಹೆಸರಾಂತ ನಾಟಕ 1900ರಲ್ಲಿ ಮೊದಲು ರಂಗವೇರಿದುದು ಇಲ್ಲಿಯೇ. 1940ರಲ್ಲಿ ಜರ್ಮನ್ ಸೇನೆ ಆ ದೇಶವನ್ನು ಆಕ್ರಮಿಸಿತು. ಮರುವರ್ಷ ಇದಕ್ಕೆ ‘ಯಹೂದಿ ನಾಟಕಶಾಲೆ’ ಎಂದು ಹೆಸರಿಟ್ಟು, ನಟರೂ ಪ್ರೇಕ್ಷಕರೂ ಯಹೂದಿಗಳೇ ಆಗಿರತಕ್ಕದ್ದೆಂದು ವಿಧಿಸಲಾಯಿತು. 1942ರ ಬೇಸಗೆಯಲ್ಲಿ ನಾಟಕವೂ ನಿಂತು, ಮಂದಿರವೇ ಸೆರೆಮನೆಯಾಯಿತು. 1943ರ ನವೆಂಬರ್‌ವರೆಗೆ ಸುಮಾರು 46,000 ಯಹೂದಿಗಳನ್ನು ಇಲ್ಲಿ ಕೂಡಿಹಾಕಿ, ವೆಸ್ಟರ್‌ಬೋರ್ಕ್ ಶಿಬಿರದ ಮೂಲಕ ಆಶ್‌ವಿಟ್ಸ್, ಸೋಬಿಬೋರ್‌ಗಳ ಸಾವಿನ ಶಿಬಿರಗಳಿಗೆ ಸಾಗಿಸಿದರು.

ಸೆರೆಗೆ ನಾಟಕಶಾಲೆಯೇ? ಆಶ್ಚರ್ಯಪಡಬೇಕಾಗಿಲ್ಲ. ಬಹುಜನ ಒಟ್ಟಿಗೆ ಸೇರಲೆಂದೇ ಕಟ್ಟಿದ ಮನೆಯಿದು. ಕಾವಲಿಗೆ ಕೆಲವೇ ಬಾಗಿಲುಗಳು. ಅದೇ ಜುಲೈ ತಿಂಗಳಲ್ಲಿ ಪ್ಯಾರಿಸ್ಸಿನ ಸೈಕಲ್ ಪಂದ್ಯಗಳ ಕ್ರೀಡಾಂಗಣವೊಂದರಲ್ಲಿ ಸುಮಾರು 8,000 ಯಹೂದಿಗಳನ್ನು ಕೂಡಿಹಾಕಲಾಗಿತ್ತು. ಕ್ರೌರ್ಯಕ್ಕೆ ಹೊಸ ಕಟ್ಟಡವೇ ಬೇಕೆಂದಿಲ್ಲ; ನಮ್ಮ ಸಂತೋಷಕ್ಕಾಗಿ ಕಟ್ಟಿಕೊಂಡವೇ ಸಾಕು.

ನಾಟಕಶಾಲೆಯ ಎದುರಿಗೆ ಒಂದು ಶಿಶುವಿಹಾರವಿತ್ತು. ಬಂಧಿತರ ಮಕ್ಕಳನ್ನು ತಂದೆತಾಯಿಗಳಿಂದ ಅಗಲಿಸಿ ಅಲ್ಲಿಡುತ್ತಿದ್ದರು. ನಾಟಕಶಾಲೆಯ ಆಡಳಿತದಲ್ಲಿದ್ದ ವಾಲ್ಟರ್ ಸೂಸ್ಕಿಂಡ್ ದಾಖಲೆಗಳಿಂದ ಮಕ್ಕಳ ಹೆಸರುಗಳನ್ನು ಮರೆಮಾಡುತ್ತಿದ್ದರು. ಶಿಶುವಿಹಾರದ ಮುಖ್ಯಸ್ಥೆ ಹೆನ್ರಿಯೆಟ್ ಪಿಮೆಂಟೆಲ್ ಮತ್ತು ಸಂಗಡಿಗರು ಅವರನ್ನು ಹೊರಗೆ ದಾಟಿಸುತ್ತಿದ್ದರು. ಬೀದಿಯ ಟ್ರಾಂ ಬಂದು ಕಾವಲುಗಾರರ ಕಣ್ಣಿಗೆ ಅಡ್ಡವಾದ ಕ್ಷಣವೇ ಅವರಿಗೆ ಪರದೆ. ಹೀಗೆ ಸುಮಾರು 600 ಮಕ್ಕಳು ಉಳಿದರು. ಉಳಿಸಿದ ಪಿಮೆಂಟೆಲ್ 1943ರಲ್ಲಿ ಆಶ್‌ವಿಟ್ಸಿನಲ್ಲಿ ಹತರಾದರು; ಸೂಸ್ಕಿಂಡರೂ ಯುದ್ಧದ ಕೊನೆಯನ್ನು ಕಾಣಲಿಲ್ಲ.

ಯುದ್ಧಾನಂತರ ಈ ಮಂದಿರವನ್ನು ಮತ್ತೆ ಮನರಂಜನೆಗೆ ತೆರೆಯುವ ಸನ್ನಾಹ ನಡೆಯಿತು, ನಾಗರಿಕರು ಪ್ರತಿಭಟಿಸಿದರು. ಗೋಡೆಗಳೇನು ತಪ್ಪು ಮಾಡಿದ್ದವು, ನಗು ಮರಳುವುದೇ ಕ್ರೌರ್ಯಕ್ಕೆ ತಕ್ಕ ಉತ್ತರವಲ್ಲವೇ ಎಂದು ಒಮ್ಮೆ ನನಗೂ ಅನ್ನಿಸಿತ್ತು. ಈಗ ಹಾಗೆನ್ನಿಸುವುದಿಲ್ಲ. ಆ ನಗೆಗೆ ಒಪ್ಪಿಗೆ ಕೊಡಬೇಕಾದವರು ಅಲ್ಲಿಂದ ಮನೆಗೆ ಮರಳಲೇ ಇಲ್ಲ. ಅವರ ಪರವಾಗಿ ಟಿಕೆಟು ಮಾರುವ ಅಧಿಕಾರ ಯಾರಿಗಿದೆ?

1962ರಲ್ಲಿ ಅದು ಸ್ಮಾರಕವಾಯಿತು. ಮುಂಭಾಗ ಹಾಗೆಯೇ ಇದೆ. ಪ್ರೇಕ್ಷಾಂಗಣಕ್ಕೆ ಮಾತ್ರ ಚಾವಣಿಯಿಲ್ಲ. ರಂಗವಿದ್ದ ಎಡೆಯಲ್ಲಿ ಒಂದು ಕಂಬ, ಮೇಲೆ ಬಯಲು ಆಕಾಶ. ಹತರಾದ 1,00,000ಕ್ಕೂ ಮಿಕ್ಕಿದವರ ನೆನಪಿಗೆ 6,700 ಮನೆತನಗಳ ಹೆಸರುಗಳನ್ನು ಒಳಗಿನ ಗೋಡೆಯೊಂದರ ಮೇಲೆ ಬರೆಯಲಾಯಿತು. 2024ರಲ್ಲಿ ಬೀದಿಯ ಆಚೆಬದಿಯಲ್ಲಿ ವಸ್ತುಸಂಗ್ರಹಾಲಯವೂ ತೆರೆಯಿತು. ಪ್ಯಾರಿಸ್ಸಿನ ಕ್ರೀಡಾಂಗಣವನ್ನಾದರೋ 1959ರಲ್ಲಿ ಕೆಡವಿಬಿಟ್ಟರು; ಫ್ರಾನ್ಸಿನ ಅಧ್ಯಕ್ಷರೊಬ್ಬರು ತಮ್ಮ ದೇಶದ ಹೊಣೆಯನ್ನು ಬಹಿರಂಗವಾಗಿ ಒಪ್ಪಿಕೊಂಡದ್ದು 1995ರಲ್ಲಿ.

ಆಮ್‌ಸ್ಟರ್‌ಡ್ಯಾಮಿನವರು ತಮ್ಮ ಗಾಯಕ್ಕೆ ಚಾವಣಿ ಹೊದಿಸಲಿಲ್ಲ. ಇನ್ನು ಮುಂದೆ ಮೂರನೆಯ ಗಂಟೆಯ ಅನಂತರದ ಕತ್ತಲೆಯಲ್ಲಿ ಕುಳಿತಾಗ, ಹಿಂದಿರುವ ಬಾಗಿಲಿನತ್ತ ನಾನು ಒಮ್ಮೆ ತಿರುಗಿ ನೋಡದಿರಲಾರೆ.