ಯಂತ್ರಗಣಿತದಲ್ಲಿ ವೇಗವೂ ಎಚ್ಚರಿಕೆಯೂ

ಗಣಕಯಂತ್ರವು ಎಂದಿಗೂ ಲೆಕ್ಕ ತಪ್ಪುವುದಿಲ್ಲವೆಂಬ ನಂಬಿಕೆಯು ವಿದ್ಯಾರ್ಥಿಗಳಲ್ಲಿಯೂ ಪೋಷಕರಲ್ಲಿಯೂ ಬೇರೂರಿದೆ. ಈ ನಂಬಿಕೆಯು ಎಷ್ಟರಮಟ್ಟಿಗೆ ಸರಿಯೆಂಬುದನ್ನು ನಾವು ಇಲ್ಲಿ ಒಂದು ನಿದರ್ಶನದಿಂದ ವಿಚಾರ ಮಾಡೋಣ.

ಅಮೆರಿಕದ ವುಲ್ಫ್ರಮ್ ರಿಸರ್ಚ್ ಸಂಸ್ಥೆಯು 1988ರಲ್ಲಿ 'ಮ್ಯಾಥಮ್ಯಾಟಿಕ' ಎಂಬ ಗಣಿತ ವ್ಯವಸ್ಥೆಯನ್ನು ಹೊರತಂದಿತು. ಅದರ ಭಾಷೆಯಲ್ಲಿ ಬರೆದ ಸೂತ್ರವನ್ನು ಯಂತ್ರವು ಸಾಮಾನ್ಯವಾಗಿ ಹೆಜ್ಜೆಹೆಜ್ಜೆಗೂ ಓದಿ, ಅರ್ಥವನ್ನು ಗ್ರಹಿಸಿ, ಅನಂತರ ಲೆಕ್ಕ ಮಾಡುತ್ತದೆ. ಮೂರರಲ್ಲಿ ಒಂದು ಭಾಗವನ್ನು ಅದು 1/3 ಎಂದೇ ಇಟ್ಟುಕೊಳ್ಳುತ್ತದೆ. ಪೂರ್ಣಾಂಕವು ಬಹಳ ದೊಡ್ಡದಾದರೂ ಒಂದು ಅಂಕಿಯನ್ನೂ ಬಿಡುವುದಿಲ್ಲ. ಆದರೆ ಈ ಕ್ರಮವು ನಿಧಾನವಾದುದು.

ವೇಗವನ್ನು ಬಯಸುವವರಿಗಾಗಿ 'ಕಂಪೈಲ್' ಎಂಬ ಆಜ್ಞೆಯುಂಟು. ಸೂತ್ರವನ್ನು ಮುಂಚಿತವಾಗಿಯೇ ಯಂತ್ರಕ್ಕೆ ಹತ್ತಿರವಾದ ಸರಳ ಆಜ್ಞೆಗಳಾಗಿ ಮಾರ್ಪಡಿಸಿಡುವುದೇ ಇದರ ಕಾರ್ಯ. ಅಚ್ಚರಿಗಳು ತಲೆದೋರುವುದು ಇಲ್ಲಿಯೇ.

ಮೊದಲನೆಯದಾಗಿ, ಸಂಖ್ಯೆಯ ಜಾತಿಯನ್ನು ನಾವು ತಿಳಿಸದಿದ್ದರೆ ಅದು ದಶಮಾಂಶವೆಂದೇ ಭಾವಿಸಲ್ಪಡುತ್ತದೆ. ಆಗ 1/3 ಎಂಬುದು 0.333333 ಎಂದಾಗುತ್ತದೆ, ಒಳಗೆ ಉಳಿಯುವುದು ಸುಮಾರು 16 ಅಂಕಿಗಳು ಮಾತ್ರ.

ಎರಡನೆಯದು ಇನ್ನೂ ಗಹನವಾದುದು. ಪೂರ್ಣಾಂಕವೆಂದು ತಿಳಿಸಿದರೆ, 64 ಬಿಟ್‌ಗಳ ಯಂತ್ರದಲ್ಲಿ 92,23,37,20,36,85,47,75,807ಕ್ಕಿಂತ ದೊಡ್ಡ ಸಂಖ್ಯೆಗೆ ಎಡೆಯಿಲ್ಲ. 1ರಿಂದ 20ರವರೆಗಿನ ಸಂಖ್ಯೆಗಳ ಗುಣಲಬ್ಧವಾದ 24,32,90,20,08,17,66,40,000 ಅದರಲ್ಲಿ ಹಿಡಿಯುತ್ತದೆ. 21ರಿಂದ ಗುಣಿಸಿದೊಡನೆ ಎಲ್ಲೆಯು ಮೀರುತ್ತದೆ. ಆಗ ಯಂತ್ರವು ಎಚ್ಚರಿಕೆಯ ಸಂದೇಶವನ್ನಿತ್ತು, ಹಳೆಯ ನಿಧಾನಕ್ರಮಕ್ಕೆ ಮರಳಿ ಲೆಕ್ಕವನ್ನು ಮುಗಿಸುತ್ತದೆ. ಉತ್ತರವು ಸರಿಯಾಗಿರುತ್ತದೆ, ವೇಗವು ಮಾತ್ರ ಹೋಯಿತು. ಕಂಪೈಲ್ ಮಾಡಿಯೂ ಕೆಲಸವು ಚುರುಕಾಗಲಿಲ್ಲವೇಕೆಂದು ಬಳಸುವವನು ಬೆರಗಾಗುತ್ತಾನೆ.

ಇನ್ನಷ್ಟು ವೇಗಕ್ಕಾಗಿ ಈ ತಪಾಸಣೆಯನ್ನೇ ನಿಲ್ಲಿಸಲೂ ಅವಕಾಶವಿದೆ. ಅಪಾಯವಿರುವುದು ಇದರಲ್ಲಿ. ಐದು ಅಂಕಿಗಳ ಮೈಲಿಮಾಪಕವು 99,999ರ ಅನಂತರ 00,000ಕ್ಕೆ ತಿರುಗುವಂತೆ, ಯಂತ್ರದ ಪೂರ್ಣಾಂಕವೂ ತುದಿಯನ್ನು ಮುಟ್ಟಿ ಋಣಸಂಖ್ಯೆಯ ಕಡೆಗೆ ಉರುಳುತ್ತದೆ. 64 ಬಿಟ್‌ಗಳಲ್ಲಿ ತಪಾಸಣೆಯಿಲ್ಲದೆ ಗುಣಿಸಿದರೆ, 21ರವರೆಗಿನ ಗುಣಲಬ್ಧವು −42,49,29,00,49,41,92,14,848 ಆಗುತ್ತದೆ. ಧನಸಂಖ್ಯೆಗಳನ್ನು ಗುಣಿಸಿ ಋಣಸಂಖ್ಯೆ ಬಂದುದನ್ನು ಕಂಡು ನಮ್ಮ ಕೆಳಗಿನ ತರಗತಿಯ ಬಾಲಕನೂ ನಕ್ಕಾನು!

ಇದು ನಗುವ ವಿಷಯ ಮಾತ್ರವಲ್ಲ. 1996ನೆಯ ಇಸವಿ ಜೂನ್ 4ರಂದು ಫ್ರೆಂಚ್ ಗಯಾನಾದಿಂದ ಮೊದಲ ಬಾರಿಗೆ ಮೇಲೇರಿದ ಏರಿಯೇನ್ 5 ರಾಕೆಟ್ಟು ಸುಮಾರು 40 ಸೆಕೆಂಡುಗಳಲ್ಲಿ ನಾಶವಾಯಿತು. ಅಲ್ಲಿ ಬಳಸಿದ ಭಾಷೆ ಬೇರೆ. ದೋಷದ ಬಗೆ ಮಾತ್ರ ಇದೇ. 32,767ರವರೆಗೆ ಮಾತ್ರ ಹಿಡಿಯುವ 16 ಬಿಟ್‌ಗಳ ಸ್ಥಳಕ್ಕೆ ಅದಕ್ಕಿಂತ ದೊಡ್ಡ ಸಂಖ್ಯೆಯು ಬಂದಿತು. ಯಂತ್ರದ ಭಾರವನ್ನು ಮಿತಿಯಲ್ಲಿಡಲೆಂದು ಆ ಸಂಖ್ಯೆಗೆ ರಕ್ಷಣೆಯನ್ನು ಒದಗಿಸಿರಲಿಲ್ಲ.

ಆದುದರಿಂದ ವಿದ್ಯಾರ್ಥಿಗಳು ಯಂತ್ರಕ್ಕೆ ಲೆಕ್ಕವನ್ನು ಒಪ್ಪಿಸುವ ಮೊದಲು ಉತ್ತರದ ಅಂದಾಜನ್ನು ಮನಸ್ಸಿನಲ್ಲಿಯೇ ಮಾಡಿಕೊಳ್ಳಬೇಕು. ಚಿಕ್ಕ ಸಂಖ್ಯೆಗಳಿಂದ ಸೂತ್ರವನ್ನು ಪರೀಕ್ಷಿಸಬೇಕು. ಯಂತ್ರದ ಎಲ್ಲೆಯನ್ನು ಅರಿತಿರಬೇಕು. ಪೋಷಕರು ಕೂಡ "ಉತ್ತರವೆಷ್ಟು?" ಎಂದು ಕೇಳುವುದರ ಜೊತೆಗೆ "ಅದು ಸರಿಯೆಂದು ಹೇಗೆ ತಿಳಿದೆ?" ಎಂದೂ ಮಕ್ಕಳನ್ನು ಕೇಳುವುದು ಒಳ್ಳೆಯದು. ಮಗ್ಗಿಯನ್ನೂ ಬಾಯಿಲೆಕ್ಕವನ್ನೂ ನಾವು ಇಂದಿಗೂ ಕಲಿಸುತ್ತಿರುವುದು ಇದೇ ಕಾರಣದಿಂದ.